ಪ್ರಿನ್ಸ್‌ಟನ್ನಿನ ಚರ್ಚಿನಲ್ಲಿ ಕ್ರಾಂತಿ ಹುಟ್ಟಿತೇ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇವೆ. ಹೋದ ಶನಿವಾರ ಅಳಿಯಂದಿರು ಪ್ರಿನ್ಸ್‌ಟನ್ ಯೂನಿವರ್ಸಿಟಿ ತೋರಿಸಲು ಕರೆದುಕೊಂಡು ಹೋಗಿದ್ದರು. ಯೂನಿವರ್ಸಿಟಿಯ ಪಕ್ಕದಲ್ಲೇ, ನ್ಯಾಸೋ ಬೀದಿಗೆ ಮುಖ ಮಾಡಿ, ಎತ್ತರದ ಕಂಬಗಳಿರುವ ಹಳೆಯ ಪ್ರೆಸ್ಬಿಟೇರಿಯನ್ ಚರ್ಚೊಂದಿದೆ. "ಅಮೆರಿಕದ ಕ್ರಾಂತಿ ಅರ್ಧ ಹುಟ್ಟಿದ್ದೇ ಇಲ್ಲಿ, ಬ್ರಿಟಿಷ್ ಸೈನಿಕರು ಇದರೊಳಗೆ ಬೆಂಕಿ ಹಾಕಿಕೊಂಡು ಕೂತಿದ್ದರು" ಎಂದು ಅಲ್ಲಿದ್ದವರೊಬ್ಬರು ಹೇಳಿದರು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಬೋಸ್ಟನ್ನಿನ ಚಹಾ ಪ್ರಕರಣ, ವಾಷಿಂಗ್ಟನ್, ಜೆಫರ್ಸನ್ ಎಲ್ಲ ಹೇಳಿಕೊಟ್ಟಿದ್ದೇನೆ. ಚರ್ಚಿನ ಮಾತು ನಮ್ಮ ಪಠ್ಯದಲ್ಲಿ ಬಂದದ್ದೇ ಇಲ್ಲ. ಆ ಚರ್ಚು ನಿಜವಾಗಿ ಮಾಡಿದ್ದೇನು? ಕತೆ ಎಷ್ಟು, ಇತಿಹಾಸ ಎಷ್ಟು?

ಉತ್ತರ: ಮೊದಲು ಕಟ್ಟಡದ ವಿಷಯ ಮುಗಿಸಿಬಿಡೋಣ, ಮೇಷ್ಟ್ರೇ. ನೀವು ನೋಡಿದ ಕಂಬಗಳ ಕಟ್ಟಡ ಕ್ರಾಂತಿಯನ್ನು ಕಂಡದ್ದಲ್ಲ. ಅದು 1836ರದು. ಆ ಕಾಲದ ಪ್ರಿನ್ಸ್‌ಟನ್ನಿನಲ್ಲಿ ಮನೆಮಠಗಳನ್ನು ಸಾಲಾಗಿ ಕಟ್ಟಿದ ಚಾರ್ಲ್ಸ್ ಸ್ಟೆಡ್‌ಮನ್ ಎಂಬ ಕಟ್ಟಡಗಾರ ಅದನ್ನು ಆಗ ಫ್ಯಾಷನ್ನಾಗಿದ್ದ ಗ್ರೀಕ್ ದೇವಾಲಯದ ಮಾದರಿಯಲ್ಲಿ ಕಟ್ಟಿದ. ಯುದ್ಧ ಕಂಡ ಚರ್ಚು 1760ರ ದಶಕದ್ದು, 1813ರಲ್ಲಿ ಸುಟ್ಟುಹೋಯಿತು. ಅದರ ಬದಲು ಕಟ್ಟಿದ್ದು 1835ರಲ್ಲಿ ಸುಟ್ಟಿತು. ಈಗಿನದು ಮೂರನೆಯದು. ಆಗ ಅದಕ್ಕೆ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚ್ ಎಂದು ಹೆಸರು. ನ್ಯಾಸೋ ಪ್ರೆಸ್ಬಿಟೇರಿಯನ್ ಎಂಬ ಈಗಿನ ಹೆಸರು 1973ರಲ್ಲಿ, ಊರಿನ ಇನ್ನೊಂದು ಸಭೆಯ ಜೊತೆ ಕೂಡಿಕೊಂಡಾಗ ಬಂದದ್ದು.

ಕ್ರಾಂತಿ ಅರ್ಧ ಅಲ್ಲೇ ಹುಟ್ಟಿತು ಎನ್ನುವುದು ಊರಭಿಮಾನದ ಮಾತು. ಬೆಂಕಿ ಹಾಕಿಕೊಂಡದ್ದು ಮಾತ್ರ ನಿಜ. ಇವೆರಡರ ನಡುವೆ ಇರುವ ಸಂಗತಿಯೇ ನನಗೆ ಮುಖ್ಯವಾಗಿ ಕಾಣುವುದು. ಆ ಊರಿನಲ್ಲಿ ಚರ್ಚು, ಕಾಲೇಜು, ರಾಜಕೀಯ ಮೂರೂ ಒಬ್ಬನೇ ಮನುಷ್ಯನ, ಜಾನ್ ವಿದರ್‌ಸ್ಪೂನ್ ಎಂಬ ಪಾದ್ರಿಯ, ಕೈಯಲ್ಲಿದ್ದವು. ಆ ಮನುಷ್ಯ ಬಹಳ ಕಾಲ ಚರ್ಚಿನೊಳಗೆ ರಾಜಕೀಯದ ಮಾತೇ ಎತ್ತಲಿಲ್ಲ. ಎತ್ತಿದ ದಿನ ಅದಕ್ಕೆ ಅಷ್ಟು ತೂಕ ಬಂದದ್ದು ಅದಕ್ಕಾಗಿಯೇ.

ಕಾಲೇಜಿನಿಂದ ಹೊರಡೋಣ. ಇಂದಿನ ಪ್ರಿನ್ಸ್‌ಟನ್ ಯೂನಿವರ್ಸಿಟಿಗೆ ಆಗ ಕಾಲೇಜ್ ಆಫ್ ನ್ಯೂಜೆರ್ಸಿ ಎಂದು ಹೆಸರು. 1746ರಲ್ಲಿ ಸನ್ನದು ಪಡೆದು ಅದನ್ನು ಹುಟ್ಟುಹಾಕಿದವರು ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಥದ ಪಾದ್ರಿಗಳು, ಅದರಲ್ಲೂ ಧಾರ್ಮಿಕ ಪುನರುಜ್ಜೀವನದ ಅಲೆಯಲ್ಲಿ ಮಿಂದೆದ್ದ ಹೊಸ ಪಂಗಡದವರು. ಕಾಲೇಜು ಮೊದಲು ಎಲಿಜಬೆತ್ ಊರಿನಲ್ಲಿ ಒಬ್ಬ ಪಾದ್ರಿಯ ಮನೆಯಲ್ಲಿ ನಡೆಯಿತು, ಆಮೇಲೆ ನೂವರ್ಕಿನಲ್ಲಿ. 1756ರಲ್ಲಿ ಪ್ರಿನ್ಸ್‌ಟನ್ನಿಗೆ ಬಂದು ನ್ಯಾಸೋ ಹಾಲ್ ಎಂಬ ಕಲ್ಲಿನ ಕಟ್ಟಡದಲ್ಲಿ ನೆಲೆಯಾಯಿತು. ಜಾಗ ಕೊಟ್ಟವನು ನಥಾನಿಯಲ್ ಫಿಟ್ಜ್‌ರಾಂಡಾಲ್ಫ್, ಯುದ್ಧವನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವನು. ನ್ಯಾಸೋ ಬೀದಿಯ ಕಡೆಯ ದೊಡ್ಡ ಗೇಟಿಗೆ ಅವನದೇ ಹೆಸರು. ಪಾದ್ರಿಗಳು ಕಟ್ಟಿದ್ದಾದರೂ ಯಾವ ಪಂಥದವನನ್ನೂ ಧರ್ಮದ ಕಾರಣಕ್ಕೆ ಹೊರಗಿಡಬಾರದೆಂದು ಸನ್ನದಿನಲ್ಲೇ ಬರೆದಿತ್ತು. ವರ್ಜೀನಿಯಾದ ಆಂಗ್ಲಿಕನ್ (ಇಂಗ್ಲೆಂಡ್ ಚರ್ಚಿನ) ಕುಟುಂಬದ, ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್ ಇಲ್ಲಿಗೆ ಓದಲು ಬಂದದ್ದನ್ನು ನೆನೆದರೆ ಆ ಕಲಮಿನ ಬೆಲೆ ತಿಳಿಯುತ್ತದೆ.

ಊರಿನವರಿಗೆ ಮೊದಲು ಸ್ವಂತ ಚರ್ಚೇ ಇರಲಿಲ್ಲ. ಭಾನುವಾರ ನ್ಯಾಸೋ ಹಾಲಿನ ಪ್ರಾರ್ಥನಾ ಕೋಣೆಯಲ್ಲಿ ವಿದ್ಯಾರ್ಥಿಗಳ ಜೊತೆಗೇ ಕೂತು ಆರಾಧನೆ ಮಾಡುತ್ತಿದ್ದರು. 1760ರ ದಶಕದಲ್ಲಿ ಕಟ್ಟಿದ ಚರ್ಚು ನಿಂತದ್ದೂ ಕಾಲೇಜಿನ ಜಾಗದಲ್ಲೇ. ಹುಡುಗರು ಅಲ್ಲೇ ಬಂದು ಕೂರುತ್ತಿದ್ದರು, ಕಾಲೇಜಿನ ಘಟಿಕೋತ್ಸವಗಳೂ ಅಲ್ಲೇ ನಡೆಯುತ್ತಿದ್ದವು. ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡುವವನು ಕಾಲೇಜಿನ ಅಧ್ಯಕ್ಷನೇ. ಹೀಗೆ ವಾರವಿಡೀ ತತ್ವಶಾಸ್ತ್ರ ಹೇಳಿಕೊಟ್ಟ ಗುರುವೇ ಭಾನುವಾರ ಪೀಠದ ಮೇಲೆ ನಿಲ್ಲುತ್ತಿದ್ದ, ಕೆಳಗೆ ಊರಿನ ರೈತ, ಕಮ್ಮಾರ, ಹೋಟೆಲಿನವನು, ವಕೀಲ, ಕಾಲೇಜು ಹುಡುಗ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಆ ಊರಿನಲ್ಲಿ ಎಲ್ಲರೂ ಒಂದೇ ಮಾತನ್ನು ಒಂದೇ ಹೊತ್ತಿನಲ್ಲಿ ಕೇಳುವ ಜಾಗ ಬೇರೆ ಇರಲಿಲ್ಲ.

1768ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಪಾದ್ರಿ ಜಾನ್ ವಿದರ್‌ಸ್ಪೂನ್ ಇಲ್ಲಿಗೆ ಅಧ್ಯಕ್ಷರಾಗಿ ಬಂದರು. ಬರುವುದಕ್ಕೆ ಮುಂಚೆ ಒಮ್ಮೆ ಒಲ್ಲೆ ಎಂದಿದ್ದರು, ಕಾರಣ ಹೆಂಡತಿ ಎಲಿಜಬೆತ್. ಕಡಲು ದಾಟಿ, ಬಂಧುಬಳಗ ಬಿಟ್ಟು, ಕಾಡಿನ ನಡುವಿನ ಊರಿಗೆ ಬರಲು ಆಕೆಗೆ ಸುತರಾಂ ಮನಸ್ಸಿರಲಿಲ್ಲ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಬೆಂಜಮಿನ್ ರಶ್ ಎಂಬ ತರುಣ, ಪ್ರಿನ್ಸ್‌ಟನ್ನಿನ ಹಳೆಯ ವಿದ್ಯಾರ್ಥಿ, ಪೇಸ್ಲಿಗೆ ಹೋಗಿ ಆಕೆಯ ಮನಸ್ಸು ತಿರುಗಿಸಿದ. ಅದಕ್ಕೂ ಮೊದಲು ಪ್ರಿನ್ಸ್‌ಟನ್ನಿನ ವಕೀಲ ರಿಚರ್ಡ್ ಸ್ಟಾಕ್ಟನ್ ಹೋಗಿ ಕೇಳಿಬಂದಿದ್ದ. ಎಂಟು ವರ್ಷದ ಮೇಲೆ ಸ್ವಾತಂತ್ರ್ಯ ಘೋಷಣೆಯ ಕೆಳಗೆ ರುಜು ಬಿದ್ದಾಗ ಕರೆಯಲು ಹೋಗಿದ್ದ ಇಬ್ಬರ ಹೆಸರೂ ಬಂದವನ ಹೆಸರೂ ಒಂದೇ ಹಾಳೆಯ ಮೇಲಿದ್ದವು.

ವಿದರ್‌ಸ್ಪೂನ್ ಬಂಡಾಯಗಾರನಾಗಿ ಬಂದವರಲ್ಲ. ತರಗತಿಯಲ್ಲಿ ಮಾತ್ರ, ಅಧಿಕಾರ ಎಲ್ಲಿಂದ ಬರುತ್ತದೆ, ಆಳುವವನು ಒಪ್ಪಂದ ಮುರಿದರೆ ಪ್ರಜೆ ಏನು ಮಾಡಬಹುದು ಎಂಬ ಪ್ರಶ್ನೆಗಳನ್ನು ಅವರು ನೀತಿಶಾಸ್ತ್ರದ ಪಾಠದ ಭಾಗವಾಗಿಯೇ ಎತ್ತುತ್ತಿದ್ದರು. ಹುಡುಗರು ಅದನ್ನು ಪುಸ್ತಕದಲ್ಲೇ ಬಿಡಲಿಲ್ಲ. 1770ರ ಜುಲೈನಲ್ಲಿ ನ್ಯೂಯಾರ್ಕಿನ ವ್ಯಾಪಾರಿಗಳು ಬ್ರಿಟಿಷ್ ಸರಕಿನ ಬಹಿಷ್ಕಾರ ಮುರಿಯುತ್ತೇವೆಂದು ಫಿಲಡೆಲ್ಫಿಯಾಕ್ಕೆ ಬರೆದ ಪತ್ರ ಪ್ರಿನ್ಸ್‌ಟನ್ನಿನ ಮೇಲೆ ಹಾದುಹೋಯಿತು. ವಿದ್ಯಾರ್ಥಿಗಳು ಕಪ್ಪು ಗೌನು ತೊಟ್ಟು ಕಾಲೇಜಿನ ಅಂಗಳದಲ್ಲಿ ಸೇರಿ, ಗಂಟೆ ಬಾರಿಸುತ್ತ, ಆ ಪತ್ರವನ್ನು ಸುಟ್ಟರು. ಆಗ ಅಲ್ಲಿ ಓದುತ್ತಿದ್ದ ಮ್ಯಾಡಿಸನ್ ಇದನ್ನೆಲ್ಲ ತಂದೆಗೆ ಬರೆದಿದ್ದಾನೆ. ಕಾಲೇಜು ಮತ್ತು ಗ್ರಾಮರ್ ಸ್ಕೂಲಿನ ಸುಮಾರು 115 ಹುಡುಗರೂ ಅಮೆರಿಕದಲ್ಲೇ ನೇಯ್ದ ಬಟ್ಟೆ ತೊಟ್ಟಿದ್ದಾರೆಂದೂ ಸೇರಿಸಿದ್ದಾನೆ. ಖಾದಿಯ ಚಳವಳಿಗೆ ಇನ್ನೂ ಒಂದೂವರೆ ಶತಮಾನವಿತ್ತು! 1774ರ ಜನವರಿಯಲ್ಲಿ, ಬೋಸ್ಟನ್ನಿನ ಚಹಾ ಪ್ರಕರಣದ ಸುದ್ದಿ ಬಂದ ಕೆಲವೇ ವಾರಗಳಲ್ಲಿ, ಇದೇ ಹುಡುಗರು ಕಾಲೇಜಿನ ಉಗ್ರಾಣಕ್ಕೆ ನುಗ್ಗಿ ಚಳಿಗಾಲಕ್ಕೆ ಇಟ್ಟಿದ್ದ ಚಹಾ ಎಲ್ಲ ಹೊರಗೆ ತಂದು ಸುಟ್ಟರು. ಜೊತೆಗೆ ಮ್ಯಾಸಚೂಸೆಟ್ಸಿನ ಗವರ್ನರ್ ಹಚಿನ್ಸನ್ನನ ಪ್ರತಿಕೃತಿಗೂ ಬೆಂಕಿಯಿಟ್ಟರು.

ಚರ್ಚಿನ ಪೀಠ ಇಷ್ಟೆಲ್ಲದರ ನಡುವೆ ಸುಮ್ಮನಿತ್ತು.

ಅದು ಪುಕ್ಕಲುತನವೇನೂ ಅಲ್ಲ. ಪ್ರೆಸ್ಬಿಟೇರಿಯನ್ನರ ಏರ್ಪಾಟು ಸ್ವಲ್ಪ ಗೊತ್ತಿದ್ದರೆ ಅರ್ಥವಾಗುತ್ತದೆ. ಅವರಲ್ಲಿ ಬಿಷಪ್ ಇಲ್ಲ. ಪ್ರತಿ ಸಭೆಗೂ ಆರಿಸಿಬಂದ ಹಿರಿಯರ ಮಂಡಲಿ ಇರುತ್ತದೆ. ಸುತ್ತಲಿನ ಸಭೆಗಳ ಪಾದ್ರಿಗಳು, ಹಿರಿಯರು ಸೇರಿ ಒಂದು ಪ್ರೆಸ್ಬಿಟರಿ, ಅದರ ಮೇಲೆ ಸಿನೋಡ್. ಮಾತು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಯಾರೊಬ್ಬರೂ ಎಲ್ಲರ ಪರವಾಗಿ ತೀರ್ಪು ಕೊಡುವ ಹಾಗಿಲ್ಲ. (ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು ಹುಟ್ಟಿದ್ದು ಇದೇ ಸ್ಕಾಟಿಷ್ ಸಂಪ್ರದಾಯದಲ್ಲಿ. ಈಗ ಅದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ); 1947ರಲ್ಲಿ ಸಿಎಸ್‌ಐ ಆದಾಗ ಕೂಡಿಕೊಂಡ ಧಾರೆಗಳಲ್ಲಿ ಪ್ರೆಸ್ಬಿಟೇರಿಯನ್ನರದೂ ಒಂದು.) 1775ರ ಮೇ ತಿಂಗಳಲ್ಲಿ, ಬ್ರಿಟಿಷರೊಡನೆ ಮೊದಲ ಕಾಳಗ ನಡೆದ ಲೆಕ್ಸಿಂಗ್ಟನ್ನಿನಲ್ಲಿ ರಕ್ತ ಹರಿದು ತಿಂಗಳಾದ ಮೇಲೆ, ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ಸಿನೋಡ್ ಎಲ್ಲ ಸಭೆಗಳಿಗೂ ಒಂದು ಪತ್ರ ಕಳಿಸಿತು. ಬರೆದವರಲ್ಲಿ ವಿದರ್‌ಸ್ಪೂನ್ ಮುಖ್ಯರು. ಅದರಲ್ಲಿ ದೊರೆಗೆ ನಿಷ್ಠೆ ಇರಲಿ ಎಂಬ ಮಾತೂ ಇದೆ, ಕಾಂಗ್ರೆಸ್ಸನ್ನು (ವಸಾಹತುಗಳ ಪ್ರತಿನಿಧಿ ಸಭೆಯನ್ನು) ಬೆಂಬಲಿಸಿ ಒಗ್ಗಟ್ಟಾಗಿರಿ ಎಂಬ ಮಾತೂ ಇದೆ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಇಂದು ಕಾಣಬಹುದು. ಆ ವರ್ಷ ಅಮೆರಿಕದ ಬಹುಪಾಲು ಜನರ ನಿಲುವೇ ಅದಾಗಿತ್ತು.

ಒಳಗೊಳಗೆ ಒಂದು ಭಯವಿತ್ತು, ಅದನ್ನು ಬಿಟ್ಟರೆ ಈ ಕತೆ ಅರೆಬರೆ. ಇಂಗ್ಲೆಂಡ್ ಚರ್ಚಿನ ಬಿಷಪ್ ಒಬ್ಬನನ್ನು ಅಮೆರಿಕಕ್ಕೆ ಕಳಿಸಬೇಕೆಂದು 1760ರ ದಶಕದಲ್ಲಿ ಜೋರು ಪ್ರಯತ್ನ ನಡೆದಿತ್ತು. ಅದರ ಪರ ವಾದಿಸಿದ ಥಾಮಸ್ ಬ್ರಾಡ್‌ಬರಿ ಚಾಂಡ್ಲರ್ ಎಂಬ ಪಾದ್ರಿ ಇದ್ದದ್ದೂ ನ್ಯೂಜೆರ್ಸಿಯಲ್ಲೇ. ಬಿಷಪ್ ಬಂದರೆ ಹಿಂದೆಯೇ ಚರ್ಚಿನ ತೆರಿಗೆ, ಚರ್ಚಿನ ಕೋರ್ಟು ಬರುತ್ತವೆ ಎಂದು ಪ್ರೆಸ್ಬಿಟೇರಿಯನ್ನರಿಗೆ ಅನುಮಾನ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡುಗಳಿಂದ ಬಂದ ಅವರ ಅಜ್ಜಂದಿರಿಗೆ ಅದರ ಅನುಭವ ಆಗಿತ್ತು. ನ್ಯೂಯಾರ್ಕಿನ ಪ್ರೆಸ್ಬಿಟೇರಿಯನ್ ಸಭೆ ಮತ್ತೆ ಮತ್ತೆ ಸನ್ನದು ಕೇಳಿದರೂ ಸರ್ಕಾರ ಕೊಟ್ಟಿರಲಿಲ್ಲ. ಹಾಗಾಗಿ ಚಹಾದ ಸುಂಕವೂ ಬಿಷಪ್ಪನ ಕೋಲೂ ಅವರ ಕಣ್ಣಿಗೆ ಒಂದೇ ಕೈಯಲ್ಲಿ ಕಂಡವು.

ಈಗ 1776ರ ಮೇ 17ಕ್ಕೆ ಬರೋಣ. ಕಾಂಗ್ರೆಸ್ ಆ ಶುಕ್ರವಾರವನ್ನು ಎಲ್ಲ ವಸಾಹತುಗಳಲ್ಲೂ ಉಪವಾಸ, ಪ್ರಾರ್ಥನೆಯ ದಿನವೆಂದು ಗೊತ್ತುಮಾಡಿತ್ತು. ಪ್ರಿನ್ಸ್‌ಟನ್ನಿನಲ್ಲಿ ವಿದರ್‌ಸ್ಪೂನ್ ಆರಿಸಿಕೊಂಡದ್ದು 76ನೆಯ ಕೀರ್ತನೆಯ ಹತ್ತನೆಯ ವಚನ, ಮನುಷ್ಯನ ಕೋಪವೂ ದೇವರ ಘನತೆಗೇ ಸಲ್ಲುತ್ತದೆ ಎಂಬ ಅರ್ಥದ್ದು. ಪ್ರಸಂಗದ ಮುಕ್ಕಾಲು ಭಾಗ ಓದಿದರೆ ರಾಜಕೀಯದ ಸುಳಿವೇ ಸಿಗುವುದಿಲ್ಲ. ಮನುಷ್ಯನ ಪಾಪ, ದೇವರ ಏರ್ಪಾಡು, ಯೆಹೂದ್ಯರ ಇತಿಹಾಸ ಎಂದು ನಿಧಾನವಾಗಿ ನಡೆಯುತ್ತದೆ. ಆಮೇಲೆ ಒಂದು ತಿರುವು. ಪೀಠದ ಮೇಲಿಂದ ರಾಜಕೀಯ ವಿಷಯ ಎತ್ತುತ್ತಿರುವುದು ತಾನು ಇದೇ ಮೊದಲು, ನೀವೆಲ್ಲರೂ ಅದಕ್ಕೆ ಸಾಕ್ಷಿ ಎಂದು ಅವರು ಜನರಿಗೆ ನೆನಪಿಸುತ್ತಾರೆ. ಅಲ್ಲಿ ಕೂತವರು ಎಂಟು ವರ್ಷ ಅವರನ್ನು ಕೇಳಿದವರು, ಸುಳ್ಳಾಗಿದ್ದರೆ ಗೊತ್ತಾಗುತ್ತಿತ್ತು.

ಆಮೇಲೆ ಬರುವ ವಾದ ನನಗೆ ಇಂದಿಗೂ ತಾಜಾ ಎನಿಸುತ್ತದೆ. ಅವರು ಇಂಗ್ಲೆಂಡಿನ ದೊರೆಯನ್ನಾಗಲಿ ಜನರನ್ನಾಗಲಿ ರಾಕ್ಷಸರೆಂದು ಬೈಯುವುದಿಲ್ಲ. ಅವರ ಹಕ್ಕುಸಾಧನೆಯನ್ನು ನಾವು ಒಪ್ಪದಿರುವುದು ಅವರು ಭ್ರಷ್ಟರೆಂಬ ಕಾರಣಕ್ಕಲ್ಲ, ಅವರೂ ಮನುಷ್ಯರೆಂಬ ಕಾರಣಕ್ಕೆ ಎನ್ನುತ್ತಾರೆ. ಎಷ್ಟೇ ಒಳ್ಳೆಯವನಾದರೂ ಮನುಷ್ಯನಿಗೆ ತನ್ನ ಲಾಭದ ಕಡೆಗೇ ವಾಲು. ಮೂರು ಸಾವಿರ ಮೈಲಿ ಆಚೆ ಕೂತ ಪಾರ್ಲಿಮೆಂಟಿನ ಕೈಗೆ ನಮ್ಮ ಆಸ್ತಿ, ನಮ್ಮ ಕಾನೂನು ಕೊಟ್ಟರೆ ಆ ವಾಲನ್ನು ತಡೆಯುವವರು ಯಾರು? ಪಾಪದ ಬಗ್ಗೆ ಪಾದ್ರಿ ಹೇಳುವ ಹಳೆಯ ಮಾತನ್ನೇ ಅವರು ಸರ್ಕಾರದ ಮೇಲೆ ತಿರುಗಿಸಿದ್ದರು. ಮುಂದೆ ಮ್ಯಾಡಿಸನ್ ಸಂವಿಧಾನದ ಪರವಾಗಿ ಬರೆಯುವಾಗ ಮನುಷ್ಯರು ದೇವತೆಗಳಲ್ಲ, ಆದ್ದರಿಂದ ಅಧಿಕಾರಕ್ಕೆ ಅಧಿಕಾರವನ್ನೇ ಕಾವಲಿಡಬೇಕು ಎಂಬ ದಾರಿ ಹಿಡಿದದ್ದರಲ್ಲಿ ಗುರುವಿನ ನೆರಳು ಕಾಣುವವರಿದ್ದಾರೆ. ನಾನೂ ಅವರಲ್ಲೊಬ್ಬ. ಆದರೆ ಪ್ರೆಸ್ಬಿಟೇರಿಯನ್ ಏರ್ಪಾಟಿನ ನಕಲೇ ಅಮೆರಿಕದ ಸಂವಿಧಾನ ಎಂದು ಕೆಲವರು ಹೇಳುವುದನ್ನು ಒಪ್ಪಲಾರೆ. ದೇಶಕ್ಕೆಲ್ಲ ಒಂದೇ ಜನರಲ್ ಅಸೆಂಬ್ಲಿ ಎಂಬ ಏರ್ಪಾಟು ಆ ಚರ್ಚಿನಲ್ಲಿ ತೀರ್ಮಾನವಾದದ್ದು 1788ರಲ್ಲಿ, ಮೊದಲ ಅಧಿವೇಶನ ಫಿಲಡೆಲ್ಫಿಯಾದಲ್ಲಿ ಸೇರಿದ್ದು 1789ರಲ್ಲಿ. ಆ ಹೊತ್ತಿಗೆ ಸಂವಿಧಾನದ ಕರಡು ಆಗಿಹೋಗಿತ್ತು. ಆ ಮೊದಲ ಅಧಿವೇಶನವನ್ನು ಆರಂಭಿಸಿದ್ದೂ ಇದೇ ವಿದರ್‌ಸ್ಪೂನ್.

ಪ್ರಸಂಗದ ಕೊನೆಯ ಭಾಗ ಮನೆವಾರ್ತೆಯ ಬುದ್ಧಿಮಾತು: ದುಂದು ಬೇಡ, ಊಟ ಉಡುಪಿನಲ್ಲಿ ಮಿತ ಇರಲಿ, ಕೆಲಸ ಮಾಡಿ, ದೇವರ ಹೆಸರೆತ್ತಿ ಆಣೆಯಿಡುವ ಚಾಳಿ ಬಿಡಿ. ನಾಗರಿಕ ಸ್ವಾತಂತ್ರ್ಯ ಹೋದ ಕಡೆ ಧರ್ಮದ ಸ್ವಾತಂತ್ರ್ಯ ಪೂರ್ತಿ ಉಳಿದ ಉದಾಹರಣೆ ಇತಿಹಾಸದಲ್ಲಿ ಒಂದೂ ಇಲ್ಲ ಎಂಬ ಮಾತೂ ಇದೇ ಪ್ರಸಂಗದ್ದು. ಅದು ಅಚ್ಚಾಗಿ ಊರೂರು ಹರಡಿತು. ಗ್ಲಾಸ್ಗೋದಲ್ಲಿ ಮರುಮುದ್ರಿಸಿದವರು ಲೇಖಕನನ್ನು ದ್ರೋಹಿಯೆಂದು ಜರೆಯುವ ಟಿಪ್ಪಣಿಗಳನ್ನು ಸೇರಿಸಿಯೇ ಅಚ್ಚು ಹಾಕಿದರು.

ಜೂನ್ ತಿಂಗಳಲ್ಲೇ ನ್ಯೂಜೆರ್ಸಿಯ ಪ್ರಾಂತೀಯ ಸಭೆ ಅವರನ್ನು ಕಾಂಟಿನೆಂಟಲ್ ಕಾಂಗ್ರೆಸ್ಸಿಗೆ ಆರಿಸಿತು. ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ 56 ಮಂದಿಯಲ್ಲಿ ವೃತ್ತಿಯಲ್ಲಿದ್ದ ಪಾದ್ರಿ ಅವರೊಬ್ಬರೇ. ಕಾಂಗ್ರೆಸ್ಸಿನಲ್ಲೂ ಪಾದ್ರಿಯ ಉಡುಪಿನಲ್ಲೇ ಕೂರುತ್ತಿದ್ದರು. 1782ರವರೆಗೆ ನಡುನಡುವೆ ಬಿಡುವು ಬಿಟ್ಟರೆ ಅಲ್ಲೇ ಇದ್ದು, ನೂರಕ್ಕೂ ಹೆಚ್ಚು ಸಮಿತಿಗಳಲ್ಲಿ ದುಡಿದರು.

ನೀವು ಕೇಳಿದ ಬೆಂಕಿಯ ಕತೆ ಇನ್ನು. 1776ರ ನವೆಂಬರ್ ಕೊನೆಗೆ ವಾಷಿಂಗ್ಟನ್ನನ ಸೈನ್ಯ ಸೋತು ನ್ಯೂಜೆರ್ಸಿಯ ಮೇಲೆ ಹಿಂದೆ ಸರಿಯುತ್ತಿತ್ತು. 29ರಂದು ವಿದರ್‌ಸ್ಪೂನ್ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ ಕಾಲೇಜು ಮುಚ್ಚಿದೆ, ಮನೆಗಳಿಗೆ ಹೊರಡಿ ಎಂದರು. ಹುಡುಗರು ಮರುದಿನದೊಳಗೆ ಗಂಟುಮೂಟೆ ಕಟ್ಟಿದರು. ತರಲಾಗದ್ದನ್ನು ಅಲ್ಲೇ ಬಿಟ್ಟರು. ಡಿಸೆಂಬರ್ 7ಕ್ಕೆ ಬ್ರಿಟಿಷರು ಊರಿಗೆ ಬಂದರು. ನ್ಯಾಸೋ ಹಾಲ್ ಬ್ಯಾರಕ್ ಆಯಿತು. ಗ್ರಹಗಳ ಚಲನೆ ತೋರಿಸಲು ಡೇವಿಡ್ ರಿಟನ್‌ಹೌಸ್ ಮಾಡಿಕೊಟ್ಟಿದ್ದ, ಕಾಲೇಜಿನವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಯಂತ್ರ ಸೈನಿಕರ ಕೈಗೆ ಸಿಕ್ಕಿ ಕೆಟ್ಟಿತು. ಪಕ್ಕದ ಚರ್ಚಿನ ಬೆಂಚು, ಗ್ಯಾಲರಿಯ ಮರ ಎಲ್ಲ ಸೌದೆಯಾಯಿತು. ಚರ್ಚಿನೊಳಗೇ ಒಲೆ ಕಟ್ಟಿ, ಮಾಡಿನಲ್ಲಿ ತೂತು ಮಾಡಿ ಹೊಗೆಗೂಡು ಎಬ್ಬಿಸಿದ್ದರೆಂದು ಊರಿನ ಇತಿಹಾಸ ಬರೆದವರು ದಾಖಲಿಸಿದ್ದಾರೆ. ರಿಚರ್ಡ್ ಸ್ಟಾಕ್ಟನ್ನನ ಮಾರ್ವೆನ್ ಮನೆ ಲೂಟಿಯಾಯಿತು. ಸ್ಟಾಕ್ಟನ್ ಸ್ವತಃ ಸೆರೆಸಿಕ್ಕಿ, ಜೈಲಿನ ಬವಣೆ ತಾಳದೆ ಬ್ರಿಟಿಷ್ ದಂಡನಾಯಕ ಜನರಲ್ ಹೌ ಕೊಟ್ಟ ಕ್ಷಮಾಪಣೆಗೆ ತಲೆಬಾಗಿದ. ಊರಿನಲ್ಲಿ ಆ ವಿಷಯ ಬಹುಕಾಲ ಪಿಸುಮಾತಾಗಿ ಉಳಿಯಿತು.

ಚರ್ಚನ್ನೇ ಗುರಿಯಿಟ್ಟು ಕೆಡಿಸಿದರೇ? ಪ್ರಿನ್ಸ್‌ಟನ್ನಿನ ಮಟ್ಟಿಗೆ ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಡಿಸೆಂಬರ್ ಚಳಿಯಲ್ಲಿ ಸಾವಿರಾರು ಸಿಪಾಯಿಗಳಿಗೆ ಒಣಗಿದ ಮರ ಎಲ್ಲಿದ್ದರೂ ಸೌದೆಯೇ. ಬ್ರಿಟಿಷರು ಹೋದ ಮೇಲೆ ಅಲ್ಲಿ ಬೀಡುಬಿಟ್ಟ ಅಮೆರಿಕದ ಪಡೆಗಳೂ ನ್ಯಾಸೋ ಹಾಲ್ ಮತ್ತು ಚರ್ಚನ್ನು ಅದೇ ರೀತಿ ಬಳಸಿದವು, ಕೆಡಿಸಿದವು. ಪೂರ್ತಿ ಪಾಪ ಒಬ್ಬರ ತಲೆಗೇ ಕಟ್ಟುವುದು ಸರಿಯಲ್ಲ. ಆದರೆ ಬ್ರಿಟಿಷ್ ಪಾಳೆಯಕ್ಕೆ ಪ್ರೆಸ್ಬಿಟೇರಿಯನ್ನರ ಮೇಲೆ ಹಗೆ ಇದ್ದದ್ದು ದಿಟ. ಇದನ್ನು ಅಮೆರಿಕದ ದಂಗೆ ಎನ್ನಬೇಡಿ, ಸ್ಕಾಟ್-ಐರಿಷ್ ಪ್ರೆಸ್ಬಿಟೇರಿಯನ್ನರ ದಂಗೆ ಎನ್ನಿ ಎಂಬರ್ಥದಲ್ಲಿ ಒಬ್ಬ ಹೆಸ್ಸಿಯನ್ (ಬ್ರಿಟಿಷರು ಬಾಡಿಗೆಗೆ ತಂದ ಜರ್ಮನ್ ಪಡೆಯ) ಕ್ಯಾಪ್ಟನ್ 1778ರಲ್ಲಿ ಊರಿಗೆ ಬರೆದ. ವಾಷಿಂಗ್ಟನ್ ಮೊದಲಾದ ಜನರಲ್ಲುಗಳ ಜೊತೆ ವಿದರ್‌ಸ್ಪೂನ್ ಪ್ರತಿಕೃತಿಯನ್ನೂ ಬ್ರಿಟಿಷ್ ಸೈನಿಕರು ಸುಟ್ಟಿದ್ದರು. ಪ್ರಿನ್ಸ್‌ಟನ್ನಿನಲ್ಲಿ ಓದಿ ಪಾದ್ರಿಯಾಗಿದ್ದ ಜಾನ್ ರಾಸ್‌ಬ್ರೋ ತನ್ನ ಸಭೆಯ ಗಂಡಸರ ಜೊತೆ ಸೈನ್ಯಕ್ಕೆ ಬಂದವನು. 1777ರ ಜನವರಿ 2ರ ಸಂಜೆ ಟ್ರೆಂಟನ್ನಿನಲ್ಲಿ ಹೆಸ್ಸಿಯನ್ನರ ಬಯೊನೆಟ್ಟಿಗೆ ಬಲಿಯಾದ. ಅಲ್ಲೇ ಓದಿದ ಇನ್ನೊಬ್ಬ ಪಾದ್ರಿ ಜೇಮ್ಸ್ ಕಾಲ್ಡ್‌ವೆಲ್‌ನ ಚರ್ಚನ್ನು 1780ರಲ್ಲಿ ಸುಟ್ಟರು, ಅದೇ ವರ್ಷ ಅವನ ಹೆಂಡತಿ ಹನ್ನಾ ಗುಂಡೇಟಿಗೆ ಸತ್ತಳು. ಸ್ಪ್ರಿಂಗ್‌ಫೀಲ್ಡ್ ಕಾಳಗದಲ್ಲಿ ಬಂದೂಕಿಗೆ ತುರುಕುವ ಕಾಗದ ಮುಗಿದಾಗ ಕಾಲ್ಡ್‌ವೆಲ್ ಚರ್ಚಿನಿಂದ ಗೀತೆಪುಸ್ತಕಗಳನ್ನು ತಂದು ಹರಿದುಕೊಟ್ಟನೆಂಬ ಕತೆ ನ್ಯೂಜೆರ್ಸಿಯಲ್ಲಿ ಮಕ್ಕಳಿಗೂ ಗೊತ್ತು. ಅದು ಕತೆಯಾಗಿಯೇ ಇರಲಿ.

ಟ್ರೆಂಟನ್ನಿನ ಆ ಸಂಜೆಯ ಬೆನ್ನಿಗೇ ಪ್ರಿನ್ಸ್‌ಟನ್ನಿನ ಕಾಳಗ. ವಾಷಿಂಗ್ಟನ್ ಪಾಳೆಯದಲ್ಲಿ ಬೆಂಕಿ ಉರಿಯುವಂತೆ ಬಿಟ್ಟು, ರಾತ್ರಿಯ ಚಳಿಗೆ ಗಟ್ಟಿಯಾದ ಕೆಸರುದಾರಿಯಲ್ಲಿ ಸದ್ದಿಲ್ಲದೆ ನಡೆದು, ಜನವರಿ 3ರ ಬೆಳಗ್ಗೆ ಊರ ಹೊರಗೆ ಬ್ರಿಟಿಷ್ ಅಧಿಕಾರಿ ಮಾಹುಡ್‌ನ ಪಡೆಗೆ ಎದುರಾದ. ಅಮೆರಿಕದ ಜನರಲ್ ಹ್ಯೂ ಮರ್ಸರ್ ಅಲ್ಲೇ ಬಯೊನೆಟ್ ತಿವಿತಕ್ಕೆ ಸಿಕ್ಕಿ, ಒಂಬತ್ತು ದಿನದ ಮೇಲೆ ಪ್ರಾಣಬಿಟ್ಟ. ಉಳಿದ ಬ್ರಿಟಿಷರಲ್ಲಿ ಒಂದಷ್ಟು ಜನ ನ್ಯಾಸೋ ಹಾಲಿನೊಳಗೆ ಹೊಕ್ಕು ಕಿಟಕಿಗಳಿಂದ ಗುಂಡು ಹಾರಿಸಲು ನೋಡಿದರು, ಅಮೆರಿಕನ್ನರು ಫಿರಂಗಿ ತಂದರು. ಒಂದು ಗುಂಡು ಪ್ರಾರ್ಥನಾ ಕೋಣೆಯಲ್ಲಿದ್ದ ದೊರೆ ಎರಡನೆಯ ಜಾರ್ಜನ ಚಿತ್ರದ ತಲೆಯನ್ನೇ ಹಾರಿಸಿತಂತೆ. ಹಾರಿಸಿದವನು ಮುಂದೆ ದೇಶದ ಮೊದಲ ಖಜಾನೆ ಮಂತ್ರಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬುದನ್ನು ಗೈಡುಗಳು ಬಿಡದೆ ಹೇಳುತ್ತಾರೆ. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಗಾಯಾಳುಗಳನ್ನು ಹೊತ್ತೊಯ್ದದ್ದು ಸ್ಟೋನಿ ಬ್ರೂಕಿನ ಕ್ವೇಕರರ ಪ್ರಾರ್ಥನಾ ಮನೆಗೆ. ಆಯುಧ ಹಿಡಿಯುವುದೇ ತಪ್ಪು ಎನ್ನುತ್ತಿದ್ದ ಆ ಜನರ ಅಂಗಳವೇ ಆಸ್ಪತ್ರೆಯಾಯಿತು. ಕ್ರಾಂತಿಯ ಕತೆ ಹೇಳುವಾಗ ಪ್ರೆಸ್ಬಿಟೇರಿಯನ್ನರ ಹೆಸರೇ ಮೊದಲು ಬರುವುದರಿಂದ ಈ ನೆರೆಮನೆಯವರು ಮರೆಯಾಗಿಬಿಡುತ್ತಾರೆ.

ಅದೇ ವರ್ಷದ ಅಕ್ಟೋಬರಿನಲ್ಲಿ ವಿದರ್‌ಸ್ಪೂನ್ ಮಗ ಜೇಮ್ಸ್ ಜರ್ಮನ್‌ಟೌನ್ ಕಾಳಗದಲ್ಲಿ ಸತ್ತ. ಕಾಲೇಜಿನ ದುರಸ್ತಿಗೆ ಕಾಂಗ್ರೆಸ್ ಕೊಟ್ಟದ್ದು ದಿನದಿನಕ್ಕೆ ಬೆಲೆ ಕುಸಿಯುತ್ತಿದ್ದ ಕಾಗದದ ಹಣ. ಚರ್ಚಿನ ಒಳಗನ್ನು ಸರಿಮಾಡಲು ವರ್ಷಗಳೇ ಹಿಡಿದವು.

ಆ ಚರ್ಚಿಗೆ ಒಂದು ದೊಡ್ಡ ದಿನವೂ ಬಂತು. 1783ರ ಜೂನಿನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸನ್ನೇ ಸುತ್ತುಗಟ್ಟಿದಾಗ ಸದಸ್ಯರು ಅಲ್ಲಿಂದ ಪ್ರಿನ್ಸ್‌ಟನ್ನಿಗೆ ಬಂದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದ ಎಲಿಯಾಸ್ ಬೂಡಿನಾಟ್ ಕಾಲೇಜಿನ ಟ್ರಸ್ಟಿಯೂ ಆಗಿದ್ದ, ಆದ್ದರಿಂದ ಜಾಗಕ್ಕೆ ತೊಂದರೆಯಾಗಲಿಲ್ಲ. ನವೆಂಬರ್ ಮೊದಲ ವಾರದವರೆಗೆ, ನಾಲ್ಕು ತಿಂಗಳಿಗೂ ಹೆಚ್ಚು, ಅಮೆರಿಕದ ರಾಜಧಾನಿ ಈ ಪುಟ್ಟ ಕಾಲೇಜು ಊರು. ಸೆಪ್ಟೆಂಬರಿನ ಘಟಿಕೋತ್ಸವ ಎಂದಿನಂತೆ ಚರ್ಚಿನಲ್ಲಿ ನಡೆದಾಗ ಕಾಂಗ್ರೆಸ್ ತನ್ನ ಕಲಾಪ ನಿಲ್ಲಿಸಿ ಬಂದು ಕೂತಿತು, ವಾಷಿಂಗ್ಟನ್ನನೂ ಬಂದ. ಬೀಳ್ಕೊಡುಗೆಯ ಭಾಷಣ ಮಾಡಿದ ವಿದ್ಯಾರ್ಥಿ ಆಷ್ಬೆಲ್ ಗ್ರೀನ್ ನೇರವಾಗಿ ವಾಷಿಂಗ್ಟನ್ನನ ಕಡೆ ತಿರುಗಿ ಹೊಗಳಿದ. ಎದುರಿಗೆ ಕೂತು ಹೊಗಳಿಸಿಕೊಳ್ಳುವುದು ಜನರಲ್‌ಗೆ ಮುಜುಗರವಾಯಿತೆಂದು ಗ್ರೀನ್ ಮುಂದೆ ನೆನಪಿಸಿಕೊಂಡಿದ್ದಾನೆ. ವಾಷಿಂಗ್ಟನ್ ಕಾಲೇಜಿಗೆ 50 ಗಿನಿ (ಚಿನ್ನದ ನಾಣ್ಯ) ಕೊಟ್ಟ. ಟ್ರಸ್ಟಿಗಳು ಆ ಹಣದಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್‌ನಿಂದ ವಾಷಿಂಗ್ಟನ್ನನದೇ ಚಿತ್ರ ಬರೆಸಿ, ತಲೆ ಹೋದ ಜಾರ್ಜ್ ದೊರೆಯ ಚೌಕಟ್ಟಿಗೇ ಅದನ್ನು ಕೂರಿಸಿದರು. ಈ ತಮಾಷೆ ಮಾತ್ರ ದಾಖಲೆಯಿರುವ ಸತ್ಯ.

ಭಾಷಣ ಮಾಡಿದ ಆ ಹುಡುಗನ ತಂದೆಯ ಮಾತು ಎತ್ತದೆ ಈ ಉತ್ತರ ಮುಗಿಸಲಾರೆ. ಹ್ಯಾನೋವರ್ ಎಂಬ ಊರಿನ ಪ್ರೆಸ್ಬಿಟೇರಿಯನ್ ಪಾದ್ರಿ ಜೇಕಬ್ ಗ್ರೀನ್ 1776ರಲ್ಲಿ ನ್ಯೂಜೆರ್ಸಿಯ ಮೊದಲ ಸಂವಿಧಾನದ ಕರಡು ಮಾಡಿದ ಸಮಿತಿಯ ಅಧ್ಯಕ್ಷ. 1778ರಲ್ಲಿ ಇನ್ನೊಂದು ಉಪವಾಸದ ದಿನ ಬಂದಾಗ ಅವರು ಪೀಠ ಹತ್ತಿ, ಸ್ವಾತಂತ್ರ್ಯಕ್ಕಾಗಿ ಹೋರಾಡುವವರು ಗುಲಾಮರನ್ನು ಇಟ್ಟುಕೊಳ್ಳುವುದು ಎಂಥ ಅಸಂಗತ ಎಂದು ನೇರವಾಗಿಯೇ ಹೇಳಿದರು. ಪ್ರಿನ್ಸ್‌ಟನ್ನಿನ ಪೀಠದಲ್ಲಿದ್ದವರ ಚಿತ್ರ ಬೇರೆ. ಸ್ಕಾಟ್ಲೆಂಡಿನಲ್ಲಿದ್ದಾಗ ವಿದರ್‌ಸ್ಪೂನ್ ಜೇಮೀ ಮಾಂಟ್‌ಗೊಮೆರಿ ಎಂಬ ಗುಲಾಮ ತರುಣನಿಗೆ ದೀಕ್ಷಾಸ್ನಾನ ಕೊಟ್ಟಿದ್ದರು, ಪ್ರಿನ್ಸ್‌ಟನ್ನಿನಲ್ಲಿ ಇಬ್ಬರು ಸ್ವತಂತ್ರ ಆಫ್ರಿಕನ್ನರಿಗೆ ಪಾಠ ಹೇಳಿಕೊಟ್ಟರು. ಇವೆಲ್ಲ ಇದ್ದೂ ತಮ್ಮ ಹೊಲದ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. 1794ರಲ್ಲಿ ಸತ್ತಾಗ ಅವರ ಆಸ್ತಿಯ ಪಟ್ಟಿಯಲ್ಲಿ ಇಬ್ಬರು ಗುಲಾಮರು ಸೇರಿದ್ದರು. 1790ರಲ್ಲಿ ಗುಲಾಮಗಿರಿ ರದ್ದತಿಯ ಬಗ್ಗೆ ಯೋಚಿಸಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಸದ್ಯಕ್ಕೆ ಕಾನೂನು ಬೇಡ, ಕಾಲಕ್ರಮದಲ್ಲಿ ತಾನಾಗಿಯೇ ಹೋಗುತ್ತದೆ ಎಂಬ ಶಿಫಾರಸು ಕೊಟ್ಟರು. ನ್ಯೂಜೆರ್ಸಿ ಹಂತಹಂತದ ರದ್ದತಿಯ ಕಾನೂನು ಮಾಡಿದ್ದು 1804ರಲ್ಲಿ, ಉತ್ತರದ ರಾಜ್ಯಗಳಲ್ಲೇ ಕೊನೆಗೆ. ಆಳುವವನಿಗೆ ತನ್ನ ಲಾಭದ ಕಡೆ ವಾಲು ಎಂದು 1776ರಲ್ಲಿ ಅಷ್ಟು ಚೆನ್ನಾಗಿ ಕಂಡವರಿಗೆ ತಮ್ಮ ಹೊಲದಲ್ಲಿ ಅದು ಕಾಣಲಿಲ್ಲ. ಯೂನಿವರ್ಸಿಟಿಯ ಆವರಣದಲ್ಲಿ 2001ರಲ್ಲಿ ನಿಲ್ಲಿಸಿದ ಅವರ ಪ್ರತಿಮೆಯನ್ನು ತೆಗೆಯಬೇಕೆಂದು ಈಚೆಗೆ ಮನವಿ ಎದ್ದದ್ದು ಇದೇ ಕಾರಣಕ್ಕೆ. 'ಕಾಲವೇ ಹಾಗಿತ್ತು' ಎಂದು ಅವರ ಪರ ವಾದಿಸುವವರಿಗೆ ನಾನು ಜೇಕಬ್ ಗ್ರೀನರ ಹೆಸರು ಹೇಳುತ್ತೇನೆ. ಅದೇ ಕಾಲ, ಅದೇ ಪಂಥ, ಅದೇ ಪ್ರಾಂತ್ಯ.

ಇನ್ನೊಮ್ಮೆ ಆ ಕಡೆ ಹೋಗುವುದಾದರೆ ಚರ್ಚಿನ ಹತ್ತಿರದಲ್ಲೇ ಶುರುವಾಗುವ ವಿದರ್‌ಸ್ಪೂನ್ ಬೀದಿಯಲ್ಲಿ ನಡೆದುಹೋಗಿ. ಪ್ರಿನ್ಸ್‌ಟನ್ ಸಿಮೆಟರಿ ಸಿಗುತ್ತದೆ; ಈಗಲೂ ಅದು ಇದೇ ಚರ್ಚಿನ ಒಡೆತನದಲ್ಲಿದೆ. ಕಾಲೇಜಿನ ಅಧ್ಯಕ್ಷರ ಸಾಲಿನಲ್ಲಿ ಜಾನಥನ್ ಎಡ್ವರ್ಡ್ಸ್, ವಿದರ್‌ಸ್ಪೂನ್ ಸಮಾಧಿಗಳಿವೆ. ಅಧ್ಯಕ್ಷನಾಗಿದ್ದ ಹಿರಿಯ ಆರನ್ ಬರ್‌ನ ಹತ್ತಿರವೇ ಅವನ ಮಗ, ಹ್ಯಾಮಿಲ್ಟನ್ನನನ್ನು ದ್ವಂದ್ವಯುದ್ಧದಲ್ಲಿ ಕೊಂದ ಆರನ್ ಬರ್, ಮಲಗಿದ್ದಾನೆ. ಅದೇ ಬೀದಿಯಲ್ಲಿ ಇನ್ನೊಂದು ಪ್ರೆಸ್ಬಿಟೇರಿಯನ್ ಚರ್ಚೂ ಇದೆ. 1835ರ ಬೆಂಕಿಯ ನಂತರದ ವರ್ಷಗಳಲ್ಲಿ ದೊಡ್ಡ ಚರ್ಚಿನ ಕರಿಯ ಸದಸ್ಯರು ಬೇರೆಯಾಗಿ, ತಮ್ಮದೇ ಸಭೆಯಾಗಿ ಕಟ್ಟಿಕೊಂಡದ್ದು ಅದು. ಗಾಯಕ, ನಟ ಪಾಲ್ ರೋಬ್ಸನ್‌ನ ತಂದೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ವಿಲಿಯಂ ರೋಬ್ಸನ್, ಎರಡು ದಶಕ ಅಲ್ಲಿ ಪಾದ್ರಿಯಾಗಿದ್ದರು. ಪಾಲ್ ಹುಟ್ಟಿದ್ದೂ ಆಗಲೇ, 1898ರಲ್ಲಿ. ಕಾಳಗದ ಮೈದಾನ ಊರ ನಡುವಿನಿಂದ ನಡೆಯಲು ಸ್ವಲ್ಪ ದೂರ, ಅಳಿಯಂದಿರಿಗೆ ಕಾರು ತೆಗೆಯಲು ಹೇಳಿ. ಕ್ವೇಕರರ ಪ್ರಾರ್ಥನಾ ಮನೆ ಅದರ ಮಗ್ಗುಲಲ್ಲೇ ಇದೆ.